ತೆಂಕಣ ಬಾಗಿಲು

ಕೋರ್ಟಿನ ಅಟೆಂಡರ್ ಹೊಸ್ತಿಲಿಗೆ ಬಂದು, ಗಂಟಲು ಸರಿಮಾಡಿಕೊಂಡು, ಯಾರದೋ ಹೆಸರನ್ನು ಮೂರು ಸಲ ಕೂಗಿದ. ಪಡಸಾಲೆಯಲ್ಲಿ ಕೂತಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಏಳಲಿಲ್ಲ. "ಕರೆದೆ ಸ್ವಾಮಿ, ಗೈರು" ಎಂದು ಒಳಕ್ಕೆ ಹೇಳಿ ಅವನು ಮುಂದಿನ ಕಡತಕ್ಕೆ ಕೈಹಾಕಿದ.

ಇನ್ನೊಂದೆರಡು ಗಂಟೆಯಲ್ಲಿ ಇದೇ ಗಂಟಲು ತೇಜಶ್ರೀಯ ಅಪ್ಪನ ಹೆಸರನ್ನೂ ಹೀಗೇ ಮೂರು ಸಲ ಕೂಗಲಿತ್ತು. ಅಪ್ಪನನ್ನು ಮಣ್ಣು ಮಾಡಿ ಹನ್ನೊಂದು ತಿಂಗಳಾಗಿತ್ತು.

"ಮೂರು ಸಲ ಯಾಕೆ ಕೂಗ್ತಾರೆ ಮೇಡಂ?" ಸುಮ್ಮನಿರಲಾಗದೆ ಕೇಳಿದಳು.

ವಕೀಲೆ ಪ್ರೇಮಲತಾ ಕಡತದಿಂದ ತಲೆ ಎತ್ತಲಿಲ್ಲ. "ಒಂದು ಸಲ ಕೂಗಿದ್ರೆ ಕೇಳಿಸ್ಲಿಲ್ಲ ಅಂತಾರೆ. ಎರಡು ಸಲ ಕೂಗಿದ್ರೆ ಟೀ ಕುಡಿಯೋಕೆ ಹೋಗಿದ್ದೆ ಅಂತಾರೆ. ಮೂರು ಸಲ ಆದ್ಮೇಲೆ ಬದುಕಿರೋರು ಬರ್ಲೇಬೇಕು."

ಪ್ರೇಮಲತಾ ಚಳ್ಳಕೆರೆಯಲ್ಲಿ ಇಪ್ಪತ್ತೆರಡು ವರ್ಷ ಕರಿಕೋಟು ಸವೆಸಿದವರು. ತೇಜಶ್ರೀ ಅವರ ಬಳಿ ಪ್ಯಾರಾಲೀಗಲ್ ಕೋರ್ಸಿನ ಪ್ರಾಯೋಗಿಕ ತರಬೇತಿಗೆಂದು ಸೇರಿ ಮೂರು ತಿಂಗಳಾಗಿತ್ತು. ಕಡತ ಹೊರುವುದು, ನಕಲಿಗೆ ಅರ್ಜಿ ಹಾಕುವುದು, ಕಕ್ಷಿದಾರರನ್ನು ಸಮಾಧಾನ ಮಾಡುವುದು ಅವಳ ಕೆಲಸ. ಕೋರ್ಸಿನ ಪುಸ್ತಕದಲ್ಲಿ ಕಾನೂನು ಚೌಕ ಚೌಕವಾಗಿ, ಬಾಣದ ಗುರುತು ಹಾಕಿಕೊಂಡು ಬಲು ಶಿಸ್ತಾಗಿ ಕೂತಿತ್ತು. ದೂರಿನಿಂದ ತನಿಖೆಗೆ ಒಂದು ಬಾಣ, ತನಿಖೆಯಿಂದ ಆರೋಪಪಟ್ಟಿಗೆ ಒಂದು ಬಾಣ. ಆ ಬಾಣದ ದಾರಿಯಲ್ಲಿ ಒಂದು ಟೀ ಅಂಗಡಿಯೂ ಬರುತ್ತದೆ ಎಂದು ಪಾಠ ಮಾಡಿದವರು ಯಾರೂ ಹೇಳಿರಲಿಲ್ಲ.

ಇವತ್ತು ಮೊಳಕಾಲ್ಮೂರಿನ ಕೋರ್ಟಿಗೆ ಬಂದಿದ್ದು ಮುದ್ದಪ್ಪನ ಕೇಸಿಗೆ. ಮುದ್ದಪ್ಪ ಗುಂಜಪ್ಪನಹಟ್ಟಿಯ ಕಿಲಾರಿ, ಅಂದರೆ ದೇವರ ಎತ್ತುಗಳನ್ನು ಕಾಯುವವನು. ಹಟ್ಟಿಯ ದೇವರ ಪೆಟ್ಟಿಗೆಯಿಂದ ಬೆಳ್ಳಿಯ ಮುಖ ಕಳುವಾಯಿತು. ನಾಲ್ಕನೇ ದಿನ ಪೊಲೀಸರು ಅದನ್ನು ಎತ್ತು ಕೂಡುವ ಮುಳ್ಳುಬೇಲಿಯ ರೊಪ್ಪದೊಳಗೆ, ಸಗಣಿಯ ಗುಡ್ಡೆಯ ಕೆಳಗೆ, ಮುದ್ದಪ್ಪನೇ ತೋರಿಸಿಕೊಟ್ಟ ಎಂದು ಮಹಜರು ಬರೆದರು. ಅವನನ್ನು ಹಿಡಿದದ್ದಕ್ಕೆ ಅದೊಂದೇ ಆಧಾರ. ಜಾಮೀನಿಗೆ ನಿಲ್ಲುವವರು ಸಿಗದೆ ಹದಿನಾಲ್ಕು ತಿಂಗಳಿಂದ ಅವನು ಜೈಲಿನಲ್ಲಿದ್ದ. ಮಹಜರು ಬಿದ್ದರೆ ಅವನು ಮನೆಗೆ ಹೋಗುತ್ತಾನೆ. ನಿಂತರೆ ಇನ್ನೂ ಐದಾರು ವರ್ಷ ಒಳಗೇ ಇರಬೇಕು.

ಮಹಜರಿನ ಕೊನೆಯಲ್ಲಿ ಇಬ್ಬರು ಪಂಚರ ಸಹಿ ಇತ್ತು. ಒಬ್ಬ ಊರು ಬಿಟ್ಟು ಹೋಗಿ ಪತ್ತೆ ಇರಲಿಲ್ಲ. ಇನ್ನೊಬ್ಬ ಉಗ್ರಪ್ಪ, ತಂದೆ ಮರುಳಪ್ಪ, ಟೀ ಅಂಗಡಿ. ಆ ಸಹಿಯ 'ಉ' ಅಕ್ಷರದ ಬಾಲ ಮುಂದಿನ ಅಕ್ಷರಗಳ ಕೆಳಗೆ ಉದ್ದಕ್ಕೆ ಹರಿದಿತ್ತು. ತೇಜಶ್ರೀಯ ಶಾಲೆಯ ಅಂಕಪಟ್ಟಿಗಳ ಮೇಲೆಲ್ಲ ಇದ್ದದ್ದು ಅದೇ ಬಾಲ.

ಈ ಸಂಗತಿಯನ್ನು ಅವಳು ಪ್ರೇಮಲತಾ ಅವರಿಗೆ ಹೇಳಿರಲಿಲ್ಲ. ಹೇಳಲು ನಾಚಿಕೆಯಾಗಿತ್ತು.

ಅಪ್ಪನ ಅಂಗಡಿ ಹೆದ್ದಾರಿ ಬದಿಯ ಒಂದು ಠಾಣೆಯ ಎದುರಿಗಿತ್ತು. ಠಾಣೆಯ ಬಾಗಿಲಿಂದ "ಉಗ್ರಪ್ಪಾ" ಎಂದು ಕೂಗು ಬಂದರೆ ಅಪ್ಪ "ಬಂದೆ ಸಾ" ಅನ್ನುತ್ತಿದ್ದ. ಸ್ಟವ್ ಸಣ್ಣಗೆ ಮಾಡಿ, ಹೆಗಲ ಟವೆಲಿಗೆ ಕೈ ಒರೆಸಿ, ರಸ್ತೆ ದಾಟುತ್ತಿದ್ದ. ಹಾಲು ಉಕ್ಕುವಷ್ಟರಲ್ಲಿ ವಾಪಸ್ಸು. "ಎಲ್ಲಿಗೆ ಹೋಗಿದ್ದೆ ಅಪ್ಪಾ?" ಎಂದರೆ, "ಎರಡು ಸಹಿ ಹಾಕಿ ಬಂದೆ ಕಣಮ್ಮ" ಎಂದು ನಗುತ್ತಿದ್ದ. ಅಪ್ಪನ ಸಹಿಗೆ ಪೊಲೀಸರೂ ಕಾಯುತ್ತಾರಲ್ಲ ಎಂದು ಅವಳಿಗೆ ಆಗೆಲ್ಲ ಜಂಬ.

ಮಹಜರನ್ನು ಜಾಗದಲ್ಲೇ ಕೂತು ಬರೆಯಬೇಕು, ಪಂಚರು ಕಣ್ಣಾರೆ ಕಂಡೇ ಸಹಿ ಹಾಕಬೇಕು ಎಂದು ಕೋರ್ಸಿನ ಮೇಷ್ಟ್ರು ಬರೆಸಿದ ದಿನ ತರಗತಿಯಲ್ಲಿ ಅವಳ ಪೆನ್ನು ನಿಂತೇ ಹೋಯಿತು. ಠಾಣೆಯಿಂದ ಗುಂಜಪ್ಪನಹಟ್ಟಿ ಹದಿನೆಂಟು ಕಿಲೋಮೀಟರು. ಮಹಜರು ನಡೆದದ್ದು ಬೆಳಗ್ಗೆ ಹತ್ತೂವರೆಯಿಂದ ಹನ್ನೆರಡೂವರೆಯವರೆಗೆ ಎಂದು ಕಾಗದ ಹೇಳುತ್ತಿತ್ತು. ಅಷ್ಟು ಹೊತ್ತು ಅಪ್ಪ ಸ್ಟವ್ ಬಿಟ್ಟು ಹೋದವನೇ ಅಲ್ಲ.

"ಅಂದಹಾಗೆ, ಆ ಪಂಚನೂ ಇವತ್ತು ಬರ್ತಾನಂತೆ" ಎಂದರು ಪ್ರೇಮಲತಾ. "ಸಮನ್ಸು ಖುದ್ದು ಅವನ ಕೈಗೇ ಮುಟ್ಟೈತೆ ಅಂತ ವರದಿ ಬಂದೈತೆ."

ತೇಜಶ್ರೀಗೆ ಮೊದಲು ಅರ್ಥವಾಗಲಿಲ್ಲ. "ಯಾರ ಕೈಗೆ ಮೇಡಂ?"

"ಉಗ್ರಪ್ಪನ ಕೈಗೆ. ಮೊನ್ನೆ ಸೋಮವಾರ."

ಅವಳ ಕಿವಿಯೊಳಗೆ ಸ್ಟವ್ ಉರಿಯುವ ಸದ್ದು ಕೇಳತೊಡಗಿತು. ಅಪ್ಪ ಸತ್ತಾಗಿನಿಂದ ಹೀಗೇ. ಎಲ್ಲಾದರೂ ಯಾರಾದರೂ ಆ ಹೆಸರು ಎತ್ತಿದರೆ ಸಾಕು, ಮೊದಲು ಆ ಸದ್ದು, ಆಮೇಲೆ ಸೀದ ಹಾಲಿನ ವಾಸನೆ. ಸಮನ್ಸು ವಾಪಸ್ಸು ಬರುತ್ತದೆ, ತೀರಿಕೊಂಡಿದ್ದಾನೆ ಎಂದು ಅವರೇ ಬರೆಯುತ್ತಾರೆ, ತಾನು ಬಾಯಿ ಬಿಡುವ ಪ್ರಸಂಗವೇ ಬರುವುದಿಲ್ಲ ಎಂದು ಇಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದಳು.

"ಮೇಡಂ, ಆ ಪಂಚ..." ಎಂದು ಶುರುಮಾಡಿದಳು. ಅಷ್ಟರಲ್ಲಿ ಒಳಗಿನಿಂದ ಬೇರೊಂದು ಕೇಸಿಗೆ ಕರೆ ಬಂತು. ಪ್ರೇಮಲತಾ ಎದ್ದರು. ಎರಡು ಹೆಜ್ಜೆ ಹೋದವರು ತಿರುಗಿ, ದನಿ ತಗ್ಗಿಸಿ ಹೇಳಿದರು.

"ಆ ಬಾಗಿಲಿನ ಮಾತು ನಮ್ಮಿಬ್ಬರಲ್ಲೇ ಇರ್ಲಿ. ಸಾಕ್ಷಿ ಕಟಕಟೆ ಹತ್ತೋವರೆಗೂ ಯಾರ ಹತ್ರನೂ ಉಸಿರು ಬಿಡಬೇಡ. ಮುದ್ದಪ್ಪನ ಹತ್ರ ಇರೋದು ಅದೊಂದೇ."

ಆ ಬಾಗಿಲನ್ನು ಕಂಡುಹಿಡಿದವಳು ತೇಜಶ್ರೀಯೇ. ಹೋದ ವಾರ ಅವಳು ವರವು ಕಾವಲೆಂಬ ಹುಲ್ಲುಗಾವಲಿನ ಬೇಲಿಯಂಚು ಹಿಡಿದು ಗುಂಜಪ್ಪನಹಟ್ಟಿಗೆ ಹೋಗಿದ್ದಳು. ಮುದ್ದಪ್ಪನ ಹೆಂಡತಿ ಪಾಪಕ್ಕ ಚಪ್ಪಲಿ ಬಿಡಿಸಿ ರೊಪ್ಪದ ಸುತ್ತ ನಡೆಸಿದ್ದಳು. ಆಳೆತ್ತರ ಜಾಲಿಮುಳ್ಳಿನ ಬೇಲಿ. ಬಾಗಿಲು ಒಂದೇ, ಮೂಡಣಕ್ಕೆ.

"ತೆಂಕಣಕ್ಕೆ ಬಾಗ್ಲು ಇಲ್ವಾ ಪಾಪಕ್ಕ?" ಎಂದು ಅವಳು ಮಹಜರು ನೋಡಿಕೊಂಡು ಕೇಳಿದ್ದಳು. ಅದರಲ್ಲಿ 'ರೊಪ್ಪದ ತೆಂಕಣ ಬಾಗಿಲಿನಿಂದ ಒಳಹೊಕ್ಕು' ಎಂದು ಸ್ಪಷ್ಟವಾಗಿ ಬರೆದಿತ್ತು.

ಪಾಪಕ್ಕ ಕೆನ್ನೆ ಬಡಿದುಕೊಂಡಳು. "ಬಿಡ್ತು ಅನ್ನು ಅಮ್ಮಾಯಿ. ದೇವರೆತ್ತು ಸತ್ರೆ ಮಾತ್ರ ತೆಂಕಣ ಕಡೆ ಮುಳ್ಳು ಬಿಚ್ಚೋದು. ಹೆಣ ಅತ್ಲಾಗಿ ಹೋಗ್ತಿದ್ದಂಗೆ ಮುಚ್ಚಿಬಿಡ್ತೀವಿ. ಬದುಕಿರೋರು ಅಲ್ಲಿ ಕಾಲಿಡಲ್ಲ. ಈ ಸೀಮೆ ಹಟ್ಟಿ ಹುಡುಗ್ರಿಗೆಲ್ಲ ಗೊತ್ತಿರೋ ಮಾತು ಇದು."

ಅಲ್ಲೇ ತೇಜಶ್ರೀಗೆ ಎಲ್ಲ ಹೊಳೆದಿತ್ತು. ಅಪ್ಪನೂ ಹಟ್ಟಿಯಲ್ಲೇ ಹುಟ್ಟಿದವನು, ಆಂಧ್ರದ ಗಡಿಯ ಕಡೆಯ ಇನ್ನೊಂದು ಹಟ್ಟಿಯಲ್ಲಿ. ಹದಿನಾರು ವರ್ಷದವರೆಗೆ ದೇವರ ಎತ್ತು ಕಾದವನು. ತೆಂಕಣ ಬಾಗಿಲು ಬದುಕಿರುವವರಿಗಲ್ಲ ಎಂದು ಅವಳಿಗೆ ಚಿಕ್ಕಂದಿನಲ್ಲಿ ಕಥೆ ಹೇಳಿದವನೇ ಅವನು. ಹಟ್ಟಿಗೆ ಕಾಲಿಡದೆ ಠಾಣೆಯಲ್ಲೇ ಮಹಜರು ಬರೆದ ರೈಟರ್, ರೊಪ್ಪ ಹೇಗಿರುತ್ತದೆ ಎಂದು ಅಪ್ಪನನ್ನೇ ಕೇಳಿರಬೇಕು. ಅಪ್ಪ ಬೇಕೆಂದೇ ಆ ಬಾಗಿಲು ಬರೆಸಿದ್ದ. ಸಹಿ ಹಾಕದೆ ತಪ್ಪಿಸಿಕೊಳ್ಳಲು ಧೈರ್ಯ ಸಾಲದೆ, ಯಾರಾದರೂ ತಿಳಿದವರು ಎಂದಾದರೂ ಓದಲಿ ಎಂದು ಒಂದು ಸುಳ್ಳನ್ನು ಅಲ್ಲಿ ಇಟ್ಟುಹೋಗಿದ್ದ.

ಮೂರು ತಿಂಗಳಿಗೆ ಅವನ ಹೆಣ ರಾಂಪುರದ ಆಚೆ ಕಲ್ಲುಕ್ವಾರಿಯ ನೀರಿನಲ್ಲಿ ಸಿಕ್ಕಿತು. ಕಾಲು ಜಾರಿ ಬಿದ್ದಿದ್ದಾನೆ ಎಂದರು. ಅದಕ್ಕೂ ಒಂದು ಮಹಜರು ಬರೆದರು.

ಜೈಲಿನ ವ್ಯಾನು ಬಂದು ನಿಂತಿತು. ಇಬ್ಬರು ಪೊಲೀಸರ ನಡುವೆ ಮುದ್ದಪ್ಪ ಬರಿಗಾಲಲ್ಲಿ ಇಳಿದ. ಪಡಸಾಲೆಯ ಕಂಬಕ್ಕೆ ಒರಗಿದ್ದ ಪಾಪಕ್ಕ ದಡಬಡಿಸಿ ಎದ್ದಳು.

"ಕರಿಯ ಮೇಯಾಕೆ ಹೋಗ್ತೈತಾ?" ಎಂದು ಮುದ್ದಪ್ಪ ಒಂದು ಎತ್ತಿನ ಹೆಸರು ಹಿಡಿದು ಕೇಳಿದ.

"ನೀನಿಲ್ದಲೆ ಸರಿಯಾಗಿ ಮೇಯಲ್ಲ" ಎಂದಳು ಪಾಪಕ್ಕ. ಆಮೇಲೆ ತೇಜಶ್ರೀಯ ಕೈ ಹಿಡಿದುಕೊಂಡು, "ಇವತ್ತು ಬಿಡ್ತಾರಾ ಅಮ್ಮಾಯಿ?" ಎಂದಳು.

ತೇಜಶ್ರೀ ಅವಳ ಕೈಯನ್ನು ಒಮ್ಮೆ ಒತ್ತಿದಳು. ನೀರು ತರುವ ನೆಪ ಮಾಡಿ ಹೊರಬಿದ್ದಳು.

ಹುಣಸೆಮರದ ಕೆಳಗೆ ರಾಜಣ್ಣ ನಿಂತಿದ್ದ. ಮುಖ್ಯಪೇದೆ, ಠಾಣೆಯ ರೈಟರ್, ಆ ಮಹಜರು ಬರೆದ ಕೈ. ಅಪ್ಪನ ಅಂಗಡಿಯಲ್ಲಿ ಎಷ್ಟೋ ವರ್ಷ ಟೀ ಕುಡಿದವನು. ಚಿಕ್ಕವಳಿದ್ದಾಗ ಅವಳಿಗೆ ಬಿಸ್ಕತ್ತು ಕೊಡಿಸುತ್ತಿದ್ದ, ಅವಳು ಮಾಮ ಅನ್ನುತ್ತಿದ್ದಳು. ನಾಲಗೆಗೆ ಆ ರೂಢಿ ಇನ್ನೂ ಹೋಗಿರಲಿಲ್ಲ.

"ಏನಮ್ಮ ತೇಜು, ಕರಿಕೋಟಿನೋರ ಜೊತೆ ಓಡಾಡ್ತಿದೀಯಂತೆ. ಒಳ್ಳೇದಾತು ಬಿಡು."

"ಕಲೀತಿದೀನಿ ಮಾಮ."

"ಕಲಿ. ಅವ್ವ ಹೆಂಗೈತೆ?"

"ಚೆನ್ನಾಗೈತೆ. ಚಳ್ಳಕೆರೇಲಿ ಎಣ್ಣೆ ಮಿಲ್ಲಿಗೆ ಶೇಂಗಾ ಆರಿಸಾಕೆ ಹೋಗ್ತೈತೆ."

"ಇವತ್ತೂ ಹೋಗೈತಾ?"

ಆ ಪ್ರಶ್ನೆ ಅವಳಿಗೆ ವಿಚಿತ್ರ ಅನ್ನಿಸಿತು. "ಹೂಂ ಮಾಮ, ಯಾಕೆ?"

"ಸುಮ್ನೆ ಕೇಳ್ದೆ." ಅವನು ಕರ್ಚೀಫು ತೆಗೆದು ಕತ್ತು ಒರೆಸಿಕೊಂಡ. "ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡ. ಇವತ್ತು ನೀನು ಒಳಗೆ ಕುಂದ್ರಬ್ಯಾಡ. ಹನ್ನೊಂದೂವರೆ ಬಸ್ಸಿಗೆ ಹೊರಟುಬಿಡು."

ಬೆಳಗ್ಗೆ ಅವ್ವ ಗಂಗಲಕ್ಷ್ಮಿಯೂ ಹೆಚ್ಚುಕಡಿಮೆ ಇದನ್ನೇ ಹೇಳಿದ್ದಳು. "ಇವತ್ತೊಂದಿನ ಮೊಳಕಾಲ್ಮೂರಿಗೆ ಹೋಗಬ್ಯಾಡ ಕಣೆ, ನಂಗ್ಯಾಕೋ ಮನಸ್ಸು ಸರಿಯಿಲ್ಲ." ಅಪ್ಪನ ನೆನಪಾಗಿ ಹೀಗಂತಾಳೆ ಎಂದುಕೊಂಡು ತೇಜಶ್ರೀ ಬಸ್ಸು ಹತ್ತಿದ್ದಳು.

"ಯಾಕೆ ಕುಂದ್ರಬಾರ್ದು?" ಎಂದಳು.

"ನಿಮ್ಮಪ್ಪನ ಹೆಸ್ರು ಬರ್ತೈತೆ. ಹೋದೋನ ಹೆಸ್ರು ಇಟ್ಕೊಂಡು ವಕೀಲ್ರು ಏನೇನೋ ಆಡ್ತಾರೆ. ಮಗಳಾದೋಳು ಕೇಳಬಾರ್ದು. ಅಲ್ದೆ, ಈ ಮಹಜರು ಸುಳ್ಳು ಅಂತಾದ್ರೆ ಸುಳ್ಳು ಸಹಿ ಹಾಕ್ದೋನು ಯಾರಾಗ್ತಾನೆ? ಅವನು ಹಾಕಿರೋ ಎಲ್ಲಾ ಸಹಿಗೂ ಮಸಿ ಬೀಳ್ತೈತೆ. ಯೋಚ್ನೆ ಮಾಡು."

"ಅಪ್ಪ ಆವತ್ತು ಹಟ್ಟಿಗೆ ಬಂದಿದ್ರಾ ಮಾಮ?"

"ಬರ್ದೆ ಮತ್ತೆ?" ರಾಜಣ್ಣ ಅನುಕಂಪದಿಂದ ನಕ್ಕ. "ಎಂಥಾ ಬಿಸ್ಲು ಅಂತೀಯಾ. ರೊಪ್ಪದ ತೆಂಕಣ ಬಾಗ್ಲತಾವ ಕುಂತ್ಕಂಡು, ಬಾಯಾರಿಕೆ ಆಗೈತೆ ರಾಜಣ್ಣ ಅಂದ. ಪಾಪ, ನಾನೇ ನನ್ನ ಬಾಟ್ಲಿ ನೀರು ಕೊಟ್ಟೆ."

ತೇಜಶ್ರೀಗೆ ಮೈಯೆಲ್ಲ ಉರಿದುಹೋಯಿತು. ಅಪ್ಪನ ಸಹಿ ಸಾಲದೆಂದು, ಇಲ್ಲದ ಬಾಯಾರಿಕೆಯನ್ನೂ ಅವನ ತಲೆಗೆ ಕಟ್ಟುತ್ತಿದ್ದಾನಲ್ಲ ಈ ಮನುಷ್ಯ ಎಂದು ಸಂಕಟವಾಯಿತು. ಪ್ರೇಮಲತಾ ಹೇಳಿದ್ದು, ಕೋರ್ಸಿನ ಮೇಷ್ಟ್ರು ಹೇಳಿದ್ದು, ಎಲ್ಲ ಆ ಕ್ಷಣಕ್ಕೆ ಮರೆತೇ ಹೋಯಿತು.

"ಆ ರೊಪ್ಪಕ್ಕೆ ತೆಂಕಣ ಬಾಗ್ಲೇ ಇಲ್ಲ ಮಾಮ" ಎಂದುಬಿಟ್ಟಳು.

ಆಡಿದ ಮೇಲೆ ನಾಲಗೆ ಕಚ್ಚಿಕೊಂಡಳು. ರಾಜಣ್ಣ ಅವಳ ಮುಖವನ್ನೇ ನೋಡಿದ. ಬಿಸ್ಕತ್ತು ಕೊಡಿಸುತ್ತಿದ್ದ ಮಾಮ ಆ ಕಣ್ಣುಗಳಲ್ಲಿ ಎಲ್ಲೂ ಇರಲಿಲ್ಲ.

"ಹೌದಾ" ಎಂದ ಮೆಲ್ಲಗೆ. "ಮತ್ತೆ ಯಾ ಕಡೀಗೈತೆ?"

ಅವನು ಉತ್ತರಕ್ಕೆ ಕಾಯಲಿಲ್ಲ. ಜೇಬಿನಿಂದ ಮೊಬೈಲು ತೆಗೆದು, ಮರದ ಆ ಬದಿಗೆ ಹೋಗಿ, ಬೆನ್ನು ತಿರುಗಿಸಿ ಯಾರೊಂದಿಗೋ ಮಾತಾಡತೊಡಗಿದ. ಹಟ್ಟಿಯಲ್ಲಿ ಯಾರನ್ನು ಕೇಳಿದರೂ ಸಿಗುವ ಉತ್ತರ ಅದು. ಒಂದು ಫೋನು ಸಾಕು.

ಮಾಡಿದ ತಪ್ಪನ್ನು ಹೇಳಿಬಿಡೋಣ ಎಂದು ತೇಜಶ್ರೀ ಒಳಕ್ಕೆ ಓಡಿದಳು. ಪ್ರೇಮಲತಾ ನ್ಯಾಯಾಧೀಶರ ಮುಂದೆ ಇನ್ನೊಂದು ಕೇಸಿನಲ್ಲಿ ವಾದ ಮಾಡುತ್ತಿದ್ದರು. ಚೀಟಿ ಬರೆದು ಕೊಡಲು ಪೆನ್ನು ಹುಡುಕಿದಳು. ಏನೆಂದು ಬರೆಯುವುದು? ಬಾಗಿಲಿನ ಮಾತು ಬಿಟ್ಟುಕೊಟ್ಟೆ ಎಂದೋ, ಉಗ್ರಪ್ಪ ನಮ್ಮಪ್ಪ ಎಂದೋ? ಎರಡೂ ಬರೆಯಲಾಗದೆ ಕೂತಳು. ಆ ವಾದ ಮುಗಿಯುತ್ತಿದ್ದಂತೆಯೇ ಮುದ್ದಪ್ಪನ ಕೇಸಿನ ನಂಬರು ಕರೆದರು. ಮುದ್ದಪ್ಪ ಕೈಮುಗಿದು ಆರೋಪಿಯ ಕಟಕಟೆಯಲ್ಲಿ ನಿಂತ.

ಅಟೆಂಡರ್ ಹೊಸ್ತಿಲಿಗೆ ಹೋದ.

"ಉಗ್ರಪ್ಪಾ..."

ಸ್ಟವ್ ಸದ್ದು ಶುರುವಾಯಿತು.

"ಉಗ್ರಪ್ಪಾ..."

ಹೊರಗೆ ಯಾರೋ ಕೆಮ್ಮಿದರು. ಮೂರನೆಯದು ಕೂಗಲಿ, ಗೈರು ಎಂದು ಬರೆದುಕೊಳ್ಳಲಿ, ಇದು ಇಲ್ಲಿಗೆ ಮುಗಿಯಲಿ ಎಂದು ತೇಜಶ್ರೀ ಕಣ್ಣು ಮುಚ್ಚಿ ಬೇಡಿಕೊಂಡಳು.

"ಉಗ್ರಪ್ಪಾ..."

"ಬಂದೆ ಸಾ."

ಹಾಲು ಸೀದ ವಾಸನೆ ಅವಳ ಮೂಗಿಗೆ ಬಡಿಯಿತು. ಕಣ್ಣು ಬಿಡಲು ಹೆದರಿಕೆಯಾಯಿತು. ಬಿಟ್ಟಾಗ ಹೆಗಲ ಮೇಲೆ ಟವೆಲು ಹಾಕಿದ ಒಬ್ಬ ಮನುಷ್ಯ ಜನರ ನಡುವೆ ದಾರಿ ಮಾಡಿಕೊಂಡು ಬರುತ್ತಿದ್ದ. ಅಪ್ಪನ ವಯಸ್ಸು, ಅಪ್ಪನ ಅಳತೆ. ಮುಖ ಮಾತ್ರ ಯಾರದೋ. ಅವನನ್ನು ಅವಳು ಜನ್ಮದಲ್ಲಿ ನೋಡಿರಲಿಲ್ಲ. ಭಯವೂ ನಿರಾಸೆಯೂ ಒಟ್ಟಿಗೇ ಆಯಿತು, ಅಪ್ಪನಲ್ಲವಲ್ಲ ಎಂದು.

ಸಾಕ್ಷಿಯ ಕಟಕಟೆಯಲ್ಲಿ ಅವನು ದೇವರ ಆಣೆಗೂ ಸತ್ಯವನ್ನೇ ಹೇಳುತ್ತೇನೆ ಎಂದ. ಹೆಸರು ಉಗ್ರಪ್ಪ ಎಂದ. ತಂದೆ ಮರುಳಪ್ಪ ಎಂದ. ತೇಜಶ್ರೀಯ ತಾತನ ಹೆಸರನ್ನು ಅಷ್ಟು ಸಲೀಸಾಗಿ ಹೇಳಿದ. ಮುದ್ದಪ್ಪ ಅವನನ್ನು ಬೆರಗಿನಿಂದ ನೋಡುತ್ತಿದ್ದ. ಪಂಚರೆಂಬುವರ ಮುಖ ತಾನು ಕಂಡೇ ಇಲ್ಲ ಎಂದು ಅವನು ಮೊದಲಿನಿಂದಲೂ ಹೇಳಿಕೊಂಡು ಬಂದಿದ್ದ.

"ರೊಪ್ಪದೊಳಗೆ ಯಾವ ಕಡೆಯಿಂದ ಹೋದಿರಿ?" ಸರ್ಕಾರಿ ವಕೀಲರು ಕಾಗದ ನೋಡಿಕೊಂಡು ಕೇಳಿದರು.

"ಮೂಡಣ ಬಾಗ್ಲಿಂದ ಸ್ವಾಮಿ. ಬರ್ಕಳಾವಾಗ ತಪ್ಪಿ ತೆಂಕಣ ಅಂತ ಬಿದ್ದೈತೆ. ನಾನು ಆವತ್ತೇ ಹೇಳಿದ್ದೆ."

ಪ್ರೇಮಲತಾ ಅವರ ಪೆನ್ನು ನಿಂತಿತು. ಅವರು ನಿಧಾನವಾಗಿ ಕತ್ತು ತಿರುಗಿಸಿ ತೇಜಶ್ರೀಯನ್ನು ನೋಡಿದರು. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಆ ನೋಟ ಮಾತ್ರ ಅವಳಿಂದ ಸಹಿಸಲಾಗಲಿಲ್ಲ.

ಮುದ್ದಪ್ಪನ ಹತ್ತಿರ ಇದ್ದ ಆ ಒಂದೇ ಒಂದು ಬಾಗಿಲನ್ನು ಅವಳೇ ಮುಚ್ಚಿ ಬಂದಿದ್ದಳು. ಈ ಮನುಷ್ಯ ಉಗ್ರಪ್ಪನಲ್ಲ ಎಂದು ಹೇಳಬಲ್ಲವರು ಇನ್ನು ಈ ಕೋಣೆಯಲ್ಲಿ ಅವಳೊಬ್ಬಳೇ. ಅಪ್ಪನ ಸಹಿಗಳಿಗೆ ಮಸಿ ಬಿದ್ದರೆ ಬೀಳಲಿ ಎಂದು ಅವಳು ಗಟ್ಟಿ ಮನಸ್ಸು ಮಾಡಿದಳು.

"ಗುರುತಿನ ಚೀಟಿ?" ಎಂದರು ಬೆಂಚ್ ಕ್ಲರ್ಕ್.

ಆ ಮನುಷ್ಯ ಜೇಬಿನಿಂದ ಮತದಾರರ ಚೀಟಿ ತೆಗೆದುಕೊಟ್ಟ. ಹಳೆಯ ಚೀಟಿ, ಫೋಟೋ ಮಾಸಿತ್ತು. ಕ್ಲರ್ಕ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಚೀಟಿಯ ಮೇಲ್ತುದಿಯ ಒಂದು ಮೂಲೆ ಸುಟ್ಟು, ಪ್ಲಾಸ್ಟಿಕ್ಕು ಮುದುಡಿ ಕಂದುಬಣ್ಣಕ್ಕೆ ತಿರುಗಿತ್ತು.

ಆ ಮೂಲೆ ಸುಟ್ಟಾಗ ತೇಜಶ್ರೀ ಅಲ್ಲೇ ಇದ್ದಳು. ಅಪ್ಪ ಬಗ್ಗಿದಾಗ ಜೇಬಿನಿಂದ ಸ್ಟವ್ ಮೇಲೆ ಬಿದ್ದಿತ್ತು, ಅವಳೇ ಇಕ್ಕಳದಲ್ಲಿ ಎತ್ತಿದ್ದಳು. ಅಪ್ಪ ಹೋದ ಮೇಲೆ ಅವ್ವ ಅದನ್ನು ಧಾರೆ ಸೀರೆಯ ಮಡಿಕೆಯಲ್ಲಿಟ್ಟು ಟ್ರಂಕಿಗೆ ಬೀಗ ಹಾಕಿದ್ದಳು. ಬೀಗದ ಕೈ ಅವ್ವನ ಸೊಂಟ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ಹೋದ ತಿಂಗಳು ಯಾವುದೋ ಅರ್ಜಿಗೆಂದು ಕೇಳಿದಾಗಲೂ ಅವ್ವ ತನ್ನ ಕೈಯಿಂದಲೇ ತೆಗೆದು, ತೋರಿಸಿ, ಮತ್ತೆ ಒಳಗಿಟ್ಟಿದ್ದಳು.

ತೇಜಶ್ರೀ ಬಾಗಿಲ ಕಡೆ ತಿರುಗಿದಳು.

ಪಡಸಾಲೆಯ ಗುಂಪಿನ ಹಿಂದೆ, ಮಿಲ್ಲಿಗೆ ಹೋಗಿದ್ದಾಳೆ ಎಂದುಕೊಂಡಿದ್ದ ಅವ್ವ ನಿಂತಿದ್ದಳು. ಸೆರಗಿನ ತುದಿ ಬಾಯಲ್ಲಿತ್ತು. ಪಕ್ಕದಲ್ಲೇ ರಾಜಣ್ಣ ಕೈಕಟ್ಟಿ ನಿಂತಿದ್ದ. ಮಗಳ ಕಣ್ಣಿಗೆ ಕಣ್ಣು ಸಿಕ್ಕಿದ ಕೂಡಲೇ ಅವ್ವ, ಬೇಡ ಎಂದು ಒಮ್ಮೆ ತಲೆಯಾಡಿಸಿದಳು.

ಸತ್ತವನ ಚೀಟಿ ಕೊಟ್ಟವರು ಯಾರು ಎಂಬುದೇ ಕೋರ್ಟು ಕೇಳುವ ಮೊದಲ ಪ್ರಶ್ನೆ. ಅಷ್ಟು ಕಾನೂನು ತೇಜಶ್ರೀ ಕಲಿತಿದ್ದಳು. ಆ ಕಡೆ ಕಟಕಟೆಯಲ್ಲಿ ಮುದ್ದಪ್ಪ ಬರಿಗಾಲಿನ ಬೆರಳುಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ನಿಂತಿದ್ದ. ಅವಳ ಕಾಲುಗಳು ಅವಳನ್ನು ಕೇಳದೆಯೇ ಎದ್ದುನಿಂತವು. ಹಿಂದಿನ ಬೆಂಚು ಕಿರ್ರೆಂದಿತು.

"ಸ್ವಾಮಿ" ಎಂದಳು.

"ವಕೀಲರಲ್ಲದವರು ಮಾತಾಡೋ ಹಾಗಿಲ್ಲಮ್ಮ, ಕೂತ್ಕೊಳ್ಳಿ" ಎಂದರು ನ್ಯಾಯಾಧೀಶರು.

ಅವಳು ಕೂರಲಿಲ್ಲ. ಕಟಕಟೆಯಲ್ಲಿದ್ದ ಮನುಷ್ಯ ಟವೆಲಿಗೆ ಕೈ ಒರೆಸಿಕೊಂಡು ಅವಳತ್ತ ತಿರುಗಿದ. ನ್ಯಾಯಾಧೀಶರು ಕನ್ನಡಕ ತೆಗೆದು ಅವಳನ್ನು ದಿಟ್ಟಿಸಿದರು.

"ಯಾರು ನೀವು?"

ಬೆಂಚ್ ಕ್ಲರ್ಕ್ ಹಾಳೆ ತಿರುಗಿಸಿ ಪೆನ್ನು ಹಿಡಿದರು. "ಹೆಸರು ಹೇಳಮ್ಮ" ಎಂದರು. "ತಂದೆ ಹೆಸರೂ ಹೇಳು."